ಸದ್ದು ಮಾಡದ ಎಸ್‌ಎಂಪಿಎಸ್ ಆರಿಸುವುದು: ಮಲೆನಾಡಿನ ಮನೆಗೆ, ಮಲೆನಾಡಿನ ಕರೆಂಟಿಗೆ

ಚಿಕ್ಕಮಗಳೂರಿನಲ್ಲಿ ವರ್ಷದ ಬಹುಪಾಲು ರಾತ್ರಿ ಸೀಲಿಂಗ್ ಫ್ಯಾನ್ ಬೇಕಾಗುವುದಿಲ್ಲ. ಬಯಲುಸೀಮೆಯ ಮನೆಗಳಲ್ಲಿ ಕಂಪ್ಯೂಟರಿನ ಸದ್ದನ್ನು ಆ ಫ್ಯಾನೇ ಮುಚ್ಚಿಬಿಡುತ್ತದೆ. ಇಲ್ಲಿ ಮುಚ್ಚುವುದಕ್ಕೆ ಏನೂ ಇಲ್ಲ. ಜುಲೈನಲ್ಲಿ ಹೆಂಚಿನ ಮೇಲೆ ಮಳೆ ಸುರಿಯುವಾಗ ಇದೆಯೋ ಇಲ್ಲವೋ ಅನ್ನಿಸುವ ಯಂತ್ರ, ಜನವರಿಯ ಚಳಿಗೆ ಕಿಟಕಿ ಹಾಕಿ ಕೂತಾಗ ಕಿವಿಯ ಪಕ್ಕವೇ ಊದುತ್ತಿರುವಂತೆ ಕೇಳುತ್ತದೆ. ಆ ಸದ್ದಿನಲ್ಲಿ ಎಷ್ಟೋ ಸಲ ದೊಡ್ಡ ಪಾಲು ಎಸ್‌ಎಂಪಿಎಸ್‌ನದು, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದ ಕಡಿಮೆ ವೋಲ್ಟಿನ ಡಿಸಿಗೆ ಬದಲಿಸಿ ಕೊಡುವ ಪೆಟ್ಟಿಗೆಯದು. ಕ್ಯಾಬಿನೆಟ್ಟಿನ ಜೊತೆ ಬಂದದ್ದನ್ನೇ ಇಟ್ಟುಕೊಂಡಿದ್ದರಂತೂ ಬಹುತೇಕ ಖಚಿತ.

ಎಸ್‌ಎಂಪಿಎಸ್ ಸದ್ದು ಮಾಡುವುದು ಬಿಸಿಯಾಗುವುದರಿಂದ. ಬಿಸಿ ಹೆಚ್ಚಾದಷ್ಟೂ ಒಳಗಿನ ಫ್ಯಾನ್ ಜೋರಾಗಿ ತಿರುಗಲೇಬೇಕು. ಹಾಗಾಗಿ ಮೌನ ಬೇಕಾದವರು ಹುಡುಕಬೇಕಾದದ್ದು ಕಡಿಮೆ ಬಿಸಿಯಾಗುವ, ದೊಡ್ಡ ಫ್ಯಾನ್ ಇರುವ ಎಸ್‌ಎಂಪಿಎಸ್. ನಮ್ಮ ಕಡೆಯವರಿಗೆ ಇನ್ನೊಂದು ಷರತ್ತಿದೆ: ಅದು ಸಂಜೆಯ ಲೋ ವೋಲ್ಟೇಜನ್ನು ತಡೆದುಕೊಳ್ಳಬೇಕು. ಈ ಎರಡನೆಯದನ್ನು ನೋಡದೆ ಕೊಂಡವರೇ ಹೆಚ್ಚು.

1. ಸದ್ದು ಯಾವುದರದ್ದು ಅಂತ ಮೊದಲು ಪತ್ತೆ ಮಾಡಿ

ಹೊಸದನ್ನು ಕೊಳ್ಳುವ ಮೊದಲು ಒಂದು ರಾತ್ರಿ ಅರ್ಧ ಗಂಟೆ ಇದಕ್ಕೆ ಕೊಡಿ. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಕೊಳವೆಯಂತೆ ಸುತ್ತಿ. ಒಂದು ತುದಿ ಕಿವಿಗೆ, ಇನ್ನೊಂದನ್ನು ಕ್ಯಾಬಿನೆಟ್ಟಿನ ಹಿಂಭಾಗದ ಒಂದೊಂದೇ ಜಾಗಕ್ಕೆ ಹಿಡಿಯಿರಿ: ಎಸ್‌ಎಂಪಿಎಸ್ ಜಾಲರಿ, ಹಿಂದಿನ ಫ್ಯಾನ್, ಗ್ರಾಫಿಕ್ಸ್ ಕಾರ್ಡಿನ ಜಾಗ. ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುತ್ತದೆ. ಇನ್ನೂ ಅನುಮಾನ ಇದ್ದರೆ ಯಂತ್ರ ಆಫ್ ಮಾಡಿ, ಕ್ಯಾಬಿನೆಟ್ ಫ್ಯಾನುಗಳ ಕನೆಕ್ಟರನ್ನು ಮದರ್‌ಬೋರ್ಡಿನಿಂದ ತೆಗೆದು, ಬಯಾಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಎರಡು ನಿಮಿಷ ಬಿಟ್ಟು ಕೇಳಿ. ಸಿಪಿಯು ಫ್ಯಾನನ್ನು ಮಾತ್ರ ತೆಗೆಯಬೇಡಿ.

ಕೇಳಿಸುವುದು ಸಾಮಾನ್ಯವಾಗಿ ಮೂರು ಬಗೆ. 'ಹುಸ್' ಅನ್ನುವುದು ಗಾಳಿಯ ಸದ್ದು. ಫ್ಯಾನ್ ಜೋರಾಗಿದೆ ಎಂದರ್ಥ. 'ಕರಕರ' ಅಥವಾ ಒಂದೇ ಲಯದ 'ಟಿಕ್ ಟಿಕ್' ಬಂದರೆ ಬೇರಿಂಗ್ ಸವೆದಿದೆ, ಇಲ್ಲವೇ ಕೇಬಲ್ಲೊಂದು ರೆಕ್ಕೆಗೆ ತಾಗುತ್ತಿದೆ. ಮೂರನೆಯದು ಸಣ್ಣಗೆ, ಜೀರುಂಡೆಯಂತೆ 'ಕೀಂ' ಅನ್ನುವುದು. ಇದು ಕಾಯಿಲ್ ವೈನ್. ಫೆರೈಟ್ ತಿರುಳಿಗೆ ಸುತ್ತಿದ ತಂತಿ, ಹರಿಯುವ ಕರೆಂಟು ವೇಗವಾಗಿ ಏರಿಳಿಯುವಾಗ ಕಂಪಿಸಿ ಹೊರಡಿಸುವ ಸದ್ದು. ಫ್ಯಾನಿಗೂ ಇದಕ್ಕೂ ಸಂಬಂಧವಿಲ್ಲ.

ಕಾಯಿಲ್ ವೈನ್ ಕೇಳಿಸಿತು ಅಂತ ಎಸ್‌ಎಂಪಿಎಸ್ ಬದಲಿಸಲು ಓಡಬೇಡಿ. ಹೆಚ್ಚಿನ ಸಲ ಅದು ಗ್ರಾಫಿಕ್ಸ್ ಕಾರ್ಡಿನದು. ಗೇಮ್ ಒಂದರ ಮೆನು ತೆರೆದು ಫ್ರೇಮ್ ಮಿತಿಯನ್ನು 60ಕ್ಕೆ ಇಳಿಸಿ. ಸದ್ದು ನಿಂತರೆ ಹೆಚ್ಚಾಗಿ ಕಾರ್ಡೇ ಕಾರಣ, ಆ ಮಿತಿಯೇ ಪರಿಹಾರ. ಕಂಪ್ಯೂಟರ್ ಶಟ್‌ಡೌನ್ ಆಗಿ ಗೋಡೆಯ ಸ್ವಿಚ್ ಮಾತ್ರ ಆನ್ ಇದ್ದಾಗಲೂ 'ಕೀಂ' ಬರುತ್ತಿದ್ದರೆ ಅದು ಎಸ್‌ಎಂಪಿಎಸ್ ಒಳಗಿನ 5 ವೋಲ್ಟ್ ಸ್ಟ್ಯಾಂಡ್‌ಬೈ ಸರ್ಕ್ಯೂಟಿನದು. ಅದಕ್ಕೆ ಬದಲಿಸುವುದೊಂದೇ ದಾರಿ.

2. ವ್ಯಾಟ್ ಲೆಕ್ಕ

ಸಿಪಿಯು ಎಳೆಯುವ ಗರಿಷ್ಠ ವ್ಯಾಟ್, ಗ್ರಾಫಿಕ್ಸ್ ಕಾರ್ಡಿನ ವ್ಯಾಟ್, ಉಳಿದದ್ದಕ್ಕೆಲ್ಲ ಸೇರಿ 40ರಿಂದ 60. ಇಷ್ಟನ್ನು ಕೂಡಿ. ಬಂದ ಮೊತ್ತ ಎಸ್‌ಎಂಪಿಎಸ್‌ನ ಸಾಮರ್ಥ್ಯದ ಅರ್ಧದ ಆಸುಪಾಸಿನಲ್ಲಿ ಇರುವಂತೆ ನೋಡಿಕೊಳ್ಳಿ. ಒಳ್ಳೆಯ ಎಸ್‌ಎಂಪಿಎಸ್‌ಗಳ ಫ್ಯಾನ್ ಅರ್ಧ ಲೋಡಿನವರೆಗೆ ನಿಧಾನವಾಗಿಯೇ ತಿರುಗುತ್ತದೆ. ಮುಕ್ಕಾಲು ದಾಟಿದ ಮೇಲೆ ಸದ್ದು ದಿಢೀರ್ ಏರುತ್ತದೆ.

ರೈಜನ್ 5 7600 ಸಿಪಿಯು ತುತ್ತತುದಿಯಲ್ಲಿ ಎಳೆಯುವುದು 88 ವ್ಯಾಟ್, ಆರ್‌ಟಿಎಕ್ಸ್ 4060 ಕಾರ್ಡಿನದು 115. ಉಳಿದದ್ದಕ್ಕೆ 50 ಸೇರಿಸಿದರೆ 253. ಇದಕ್ಕೆ 550 ವ್ಯಾಟ್ ಸಾಕು. ಅದೇ ಮಟ್ಟದ ಸಿಪಿಯು ಜೊತೆ 220 ವ್ಯಾಟಿನ ಆರ್‌ಟಿಎಕ್ಸ್ 4070 ಸೂಪರ್ ಹಾಕಿದರೆ ಮೊತ್ತ 360ರ ಹತ್ತಿರ. 750 ವ್ಯಾಟ್ ತೆಗೆದುಕೊಳ್ಳಿ. ತೋಟದ ಲೆಕ್ಕಪತ್ರ, ಟ್ಯಾಲಿ, ಬ್ರೌಸರ್ ಅಷ್ಟೇ ಅಂದರೆ ಕಾರ್ಡಿಲ್ಲದ ಕೋರ್ ಐ3 ಯಂತ್ರಕ್ಕೆ 450 ವ್ಯಾಟಿನದು ಧಾರಾಳ.

'ದೊಡ್ಡದು ತಗೊಂಡರೆ ಇನ್ನೂ ಸದ್ದು ಕಡಿಮೆ' ಅನ್ನುವ ಮಾತು ಒಂದು ಹಂತದವರೆಗೆ ಮಾತ್ರ ನಿಜ. ಸುಮ್ಮನಿರುವಾಗ 50 ವ್ಯಾಟ್ ಎಳೆಯುವ ಯಂತ್ರಕ್ಕೆ 1000 ವ್ಯಾಟಿನದು ಹಾಕಿದರೆ ಅದು ಬರೀ ಶೇ 5ರ ಲೋಡಿನಲ್ಲಿ ಕೂತಿರುತ್ತದೆ. ಅಷ್ಟು ಕೆಳಗೆ ದಕ್ಷತೆ ಬಿದ್ದುಹೋಗುತ್ತದೆ. ದಕ್ಷತೆ ಅಳೆಯುವ 80 ಪ್ಲಸ್ ಗೋಲ್ಡ್ ಪರೀಕ್ಷೆ (ಇದರ ವಿವರ ಮುಂದಿದೆ) ಶುರುವಾಗುವುದೇ ಶೇ 20ರ ಲೋಡಿನಿಂದ. ಮಿಕ್ಕ ದುಡ್ಡನ್ನು ಒಳ್ಳೆಯ ಕ್ಯಾಬಿನೆಟ್ಟಿಗೆ ಹಾಕಿ.

3. ಗೋಲ್ಡ್ ಯಾಕೆ?

80 ಪ್ಲಸ್ ಸ್ಟಿಕ್ಕರ್ ಸದ್ದಿನ ಬಗ್ಗೆ ಏನೂ ಹೇಳುವುದಿಲ್ಲ; ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ ಅಂತ ಮಾತ್ರ ಹೇಳುತ್ತದೆ. ಆದರೆ ತಲುಪದೆ ಉಳಿದದ್ದೇ ಬಿಸಿ. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡಿಗೆ ಬ್ರಾಂಜ್ ಕನಿಷ್ಠ ಶೇ 85, ಗೋಲ್ಡ್ ಶೇ 90, ಪ್ಲಾಟಿನಂ ಶೇ 92 ಮುಟ್ಟಬೇಕು. ನಮ್ಮ 230 ವೋಲ್ಟಿನಲ್ಲಿ ಇವು ಸ್ವಲ್ಪ ಮೇಲೆಯೇ ಇರುತ್ತವೆ.

250 ವ್ಯಾಟ್ ಲೋಡಿಗೆ ಲೆಕ್ಕ ಹಾಕಿ ನೋಡಿ. ಬ್ರಾಂಜ್ ಒಳಗೆ 44 ವ್ಯಾಟ್ ಬಿಸಿ ಹುಟ್ಟುತ್ತದೆ, ಗೋಲ್ಡ್ ಒಳಗೆ 28, ಪ್ಲಾಟಿನಂ ಒಳಗೆ 22. ಬ್ರಾಂಜ್‌ನಿಂದ ಗೋಲ್ಡ್‌ಗೆ ಹೋದರೆ 16 ವ್ಯಾಟ್ ಬಿಸಿ ಇಳಿಯುತ್ತದೆ. ಅಲ್ಲಿಂದ ಪ್ಲಾಟಿನಂಗೆ ಹೋದರೆ ಬರೀ 6. ಆದ್ದರಿಂದ ಮನೆಬಳಕೆಗೆ ಗೋಲ್ಡ್ ಸಾಕು. ಬೆಲೆ ಹತ್ತಿರ ಹತ್ತಿರ ಇದ್ದರೆ ಮಾತ್ರ ಪ್ಲಾಟಿನಂ. ದಿನಕ್ಕೆ ಆರು ಗಂಟೆ ಇದೇ ಲೋಡಿನಲ್ಲಿ ಓಡಿದರೆ ಆ 16 ವ್ಯಾಟ್ ವರ್ಷಕ್ಕೆ ಸುಮಾರು 35 ಯೂನಿಟ್ ಉಳಿಸುತ್ತದೆ.

ಸದ್ದನ್ನೇ ಅಳೆದು ಕೊಡುವ ಗುರುತು ಬೇರೆ ಇದೆ. ಸೈಬೆನೆಟಿಕ್ಸ್ ಸಂಸ್ಥೆಯ ಲ್ಯಾಂಬ್ಡಾ ದರ್ಜೆಯಲ್ಲಿ ಎ ಪ್ಲಸ್ ಪ್ಲಸ್ ಅಂದರೆ ಸರಾಸರಿ 15 ಡಿಬಿಎ (ಕಿವಿಗೆ ಕೇಳುವಂತೆ ಅಳೆದ ಡೆಸಿಬಲ್) ಒಳಗೆ, ಎ ಪ್ಲಸ್ ಅಂದರೆ 15ರಿಂದ 20, ಎ ಅಂದರೆ 20ರಿಂದ 25, ಎ ಮೈನಸ್ 25ರಿಂದ 30. ಇಲ್ಲಿನ ರಾತ್ರಿಗೆ ಎ ಅಥವಾ ಅದಕ್ಕಿಂತ ಮೇಲಿನದನ್ನೇ ಆರಿಸಿ. ನೀವು ನೋಡುತ್ತಿರುವ ಮಾಡೆಲ್ಲಿನ ಹೆಸರು ಅವರ ಪಟ್ಟಿಯಲ್ಲಿದ್ದರೆ 230 ವೋಲ್ಟಿನ ವರದಿ ತೆರೆದು, ನಿಮ್ಮ ಲೋಡಿನ ಹತ್ತಿರದ ಸಾಲಿನಲ್ಲಿ ಫ್ಯಾನ್ ಎಷ್ಟು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು, ಇದೆ ಅಂತ ನೋಡಿ. ಅಂಗಡಿಯವರ ಬಾಯಿಮಾತಿಗಿಂತ ಆ ಒಂದು ಸಾಲು ಮೇಲು.

4. ಫ್ಯಾನ್: ಗಾತ್ರ, ಬೇರಿಂಗ್, ನಿಲ್ಲುವ ಫ್ಯಾನ್

ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಅದಕ್ಕೇ ದೊಡ್ಡ ಫ್ಯಾನ್ ಬೇಕು: 120 ಮಿ.ಮೀ. ಫ್ಯಾನ್ ಕೊಡುವಷ್ಟೇ ಗಾಳಿಯನ್ನು 135 ಅಥವಾ 140ರದ್ದು ಕಡಿಮೆ ವೇಗದಲ್ಲಿ ಕೊಡುತ್ತದೆ. ದೊಡ್ಡ ಫ್ಯಾನ್ ಇರುವ ಎಸ್‌ಎಂಪಿಎಸ್ ಸಾಮಾನ್ಯವಾಗಿ 150ರಿಂದ 160 ಮಿ.ಮೀ. ಉದ್ದ ಇರುತ್ತದೆ, ಅದರ ಮುಂದೆ ಕೇಬಲ್ ಬಾಗಲು ಇನ್ನೂ 50–60 ಮಿ.ಮೀ. ಜಾಗ ಬೇಕು. ಕ್ಯಾಬಿನೆಟ್ಟಿನಲ್ಲಿ ಹಾರ್ಡ್‌ಡಿಸ್ಕ್ ಗೂಡು ಅಡ್ಡ ಬರುತ್ತದೆಯೇ ಅಂತ ಟೇಪ್ ಹಿಡಿದು ಅಳೆಯಿರಿ.

ಬೇರಿಂಗಿನಲ್ಲಿ ಅಗ್ಗದ್ದು ಸ್ಲೀವ್. ಹೊಸದರಲ್ಲಿ ಸದ್ದಿಲ್ಲ, ಆದರೆ ಬಿಸಿಗೆ ಎಣ್ಣೆ ಆರಿ ಕೆಲವು ವರ್ಷಕ್ಕೆ ಕರಕರ ಶುರು. ಬಾಲ್ ಬೇರಿಂಗ್ ಬಾಳಿಕೆ ಬರುತ್ತದೆ, ನಿಧಾನ ವೇಗದಲ್ಲಿ ಸಣ್ಣ ಗುಂಯ್‌ಗುಡುವಿಕೆ ಇರುತ್ತದೆ. ಫ್ಲೂಯಿಡ್ ಡೈನಾಮಿಕ್, ಅಂದರೆ ಎಫ್‌ಡಿಬಿ ಬೇರಿಂಗ್ ಎರಡೂ ಗುಣ ಇರುವಂಥದ್ದು. ಬಾಕ್ಸಿನ ಮೇಲೆ ಇದನ್ನೇ ಹುಡುಕಿ.

ಈಗ ಬರುವ ಅನೇಕ ಮಾಡೆಲ್ಲುಗಳಲ್ಲಿ ಕಡಿಮೆ ಲೋಡಿದ್ದಾಗ ಫ್ಯಾನ್ ಪೂರ್ತಿ ನಿಲ್ಲುತ್ತದೆ. ಝೀರೋ ಆರ್‌ಪಿಎಂ ಅನ್ನುತ್ತಾರೆ. ಕೇಳಲು ಚೆನ್ನ; ಆದರೆ ಲೋಡು ಆ ಗಡಿಯಲ್ಲೇ ಏರಿಳಿಯುತ್ತಿದ್ದರೆ ಫ್ಯಾನ್ ಹೊರಡುವುದು, ನಿಲ್ಲುವುದು, ಮತ್ತೆ ಹೊರಡುವುದು ನಡೆದೇ ಇರುತ್ತದೆ. ಒಂದೇ ಸಮನೆ ಇರುವ ಮೆಲುಸದ್ದಿಗೆ ಕಿವಿ ಒಗ್ಗುತ್ತದೆ, ಬಂದು ಹೋಗುವ ಸದ್ದಿಗೆ ಒಗ್ಗುವುದಿಲ್ಲ. ಜೊತೆಗೆ ಗಾಳಿ ನಿಂತಾಗ ಒಳಗಿನ ಕೆಪಾಸಿಟರ್ ಬಿಸಿಯಾಗುತ್ತವೆ. ಪ್ರತಿ 10 ಡಿಗ್ರಿ ಏರಿಕೆಗೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಷ್ಯ ಅರ್ಧವಾಗುತ್ತದೆ ಅನ್ನುವುದು ಈ ಕ್ಷೇತ್ರದ ಹಳೆಯ ಲೆಕ್ಕ. ಹಿಂಭಾಗದಲ್ಲಿ ಈ ಝೀರೋ ಆರ್‌ಪಿಎಂ ಅನ್ನು ಆನ್–ಆಫ್ ಮಾಡುವ ಹೈಬ್ರಿಡ್ ಬಟನ್ ಇರುವ ಮಾಡೆಲ್ ತೆಗೆದುಕೊಳ್ಳಿ. ಚಳಿಗಾಲದಲ್ಲಿ ಆನ್, ಮಾರ್ಚ್–ಏಪ್ರಿಲ್ ಬಿಸಿಲಿಗೆ ಆಫ್. ನಮ್ಮ ಆಯ್ಕೆ ಯಾವಾಗಲೂ 500–600 ಆರ್‌ಪಿಎಂನಲ್ಲಿ ನಿಧಾನವಾಗಿ ತಿರುಗುತ್ತಲೇ ಇರುವ ಫ್ಯಾನಿಗೆ.

ಫ್ಯಾನೇ ಇಲ್ಲದ ಎಸ್‌ಎಂಪಿಎಸ್ ಕೂಡ ಸಿಗುತ್ತವೆ. ಬೆಲೆ ಹೆಚ್ಚು. ಜಾಲರಿಯ ಮುಖ ಮೇಲಕ್ಕಿರುವಂತೆ ಕೂರಿಸಿ, ಕ್ಯಾಬಿನೆಟ್ ಫ್ಯಾನಿನಿಂದ ಗಾಳಿ ಹರಿಸಲೇಬೇಕು. ಆಡಿಯೋ ರೆಕಾರ್ಡಿಂಗ್ ಮಾಡುವವರನ್ನು ಬಿಟ್ಟರೆ ಉಳಿದವರಿಗೆ ಅದರ ಅಗತ್ಯ ಕಾಣುವುದಿಲ್ಲ.

5. ಲೇಬಲ್ ಓದಿ, ಇನ್‌ಪುಟ್ ವೋಲ್ಟೇಜ್ ಸಾಲನ್ನು ಎರಡು ಸಲ ಓದಿ

ಎಸ್‌ಎಂಪಿಎಸ್ ಪಕ್ಕಕ್ಕೆ ಅಂಟಿಸಿದ ಲೇಬಲ್ಲಿನ ಮೊದಲ ಸಾಲು ಎಸಿ ಇನ್‌ಪುಟ್. ಅಲ್ಲಿ '100–240 ವೋಲ್ಟ್' ಇದೆಯೋ, '200–240 ವೋಲ್ಟ್' ಇದೆಯೋ ನೋಡಿ. ಒಂದೇ ಅಂಕಿಯ ವ್ಯತ್ಯಾಸ, ಆದರೆ ಆಲ್ದೂರು, ಮೂಡಿಗೆರೆ, ಕೊಪ್ಪದ ಕಡೆಯ ಒಂಟಿಮನೆಗಳಿಗೆ ಇದೇ ಎಲ್ಲಕ್ಕಿಂತ ಮುಖ್ಯ.

ನಮ್ಮಲ್ಲಿ ನಿಗದಿತ ವೋಲ್ಟೇಜ್ 230. ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರಿನಿಂದ) ದೂರದಲ್ಲಿ, ಲೈನಿನ ಕೊನೆಯಲ್ಲಿರುವ ಮನೆಗೆ ಸಂಜೆ ಎಲ್ಲರ ದೀಪ, ಗೀಸರ್ ಹತ್ತಿದಾಗ, ಪಂಪ್‌ಸೆಟ್ ಓಡುವಾಗ 180, 170ಕ್ಕೆ ಬೀಳುವುದುಂಟು. 200–240 ಅಂತ ಬರೆದ ಎಸ್‌ಎಂಪಿಎಸ್ ಆಗ ಆಫ್ ಆಗಬಹುದು, ಇಲ್ಲವೇ ಏದುಸಿರು ಬಿಡುತ್ತ ಬಿಸಿಯಾಗಬಹುದು. ಬಾಕ್ಸಿನ ಮೇಲೆ '80 ಪ್ಲಸ್ 230ವಿ ಇಯು' ಅನ್ನುವ ಗುರುತಿದ್ದರೆ ಈ ಸಾಲನ್ನು ತಪ್ಪದೆ ನೋಡಿ. 200–240ರ ಮಾಡೆಲ್ಲುಗಳು ಹೆಚ್ಚಾಗಿ ಆ ಗುಂಪಿನಲ್ಲೇ ಇರುತ್ತವೆ.

ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟ್) ಇರುವ, 100–240ರ ಎಸ್‌ಎಂಪಿಎಸ್ ಒಳಬಂದ ವೋಲ್ಟೇಜ್ ಎಷ್ಟೇ ಇರಲಿ, ಅದನ್ನು ಮೊದಲು 380–400 ವೋಲ್ಟ್ ಡಿಸಿಗೆ ಏರಿಸಿಕೊಂಡು ಕೆಲಸ ಮಾಡುತ್ತದೆ. 170 ಬಂದರೂ ಅದಕ್ಕೆ ತೊಂದರೆಯಿಲ್ಲ. ಆದರೆ ಸದ್ದಿನ ವಿಷಯದಲ್ಲಿ ಬೆಲೆ ತೆರಬೇಕು: 300 ವ್ಯಾಟ್ ಕೊಡಲು 230ರಲ್ಲಿ ಸುಮಾರು ಒಂದೂವರೆ ಆಂಪಿಯರ್ ಎಳೆಯುವುದು 170ರಲ್ಲಿ ಎರಡು ಆಂಪಿಯರ್ ಹತ್ತಿರ ಎಳೆಯುತ್ತದೆ. ಕರೆಂಟು ಹೆಚ್ಚಾದರೆ ಒಳಗೆ ಬಿಸಿ ಹೆಚ್ಚು, ಫ್ಯಾನ್ ಜೋರು. 'ಬೆಳಿಗ್ಗೆ ಸದ್ದಿಲ್ಲ, ಸಂಜೆ ಏಳಕ್ಕೆ ಊದುತ್ತೆ' ಅನ್ನುವ ದೂರಿಗೆ ಎಷ್ಟೋ ಸಲ ಇದೂ ಒಂದು ಕಾರಣ.

ಪ್ಲಗ್ಗಿಗೆ ಸಿಕ್ಕಿಸುವ ಡಿಜಿಟಲ್ ವೋಲ್ಟ್‌ಮೀಟರ್ ಒಂದನ್ನು ತಂದು ಮೂರು ದಿನ ಬೆಳಿಗ್ಗೆ ಆರು, ಮಧ್ಯಾಹ್ನ, ಸಂಜೆ ಏಳೂವರೆಗೆ ಬರೆದಿಡಿ. 200ರ ಮೇಲೇ ಇದ್ದರೆ ಯಾವ ಒಳ್ಳೆಯ ಎಸ್‌ಎಂಪಿಎಸ್ ಆದರೂ ಸರಿ. ಕೆಳಗೆ ಇಳಿಯುತ್ತಿದ್ದರೆ 100–240 ಕಡ್ಡಾಯ. ಪದೇ ಪದೇ 160ಕ್ಕಿಂತ ಕೆಳಗಾದರೆ ಬರೆದಿಟ್ಟ ಅಂಕಿ ಸಮೇತ ದೂರು ಕೊಡಿ. ಚಿಕ್ಕಮಗಳೂರು ಜಿಲ್ಲೆಗೆ ಮೆಸ್ಕಾಂ, ಹಾಸನಕ್ಕೆ ಸೆಸ್ಕ್, ಎರಡಕ್ಕೂ ಸಹಾಯವಾಣಿ 1912. ಸ್ಟೆಬಿಲೈಸರ್ ಇಡಬಹುದು, ಆದರೆ ಅದರ ರಿಲೇ 'ಟಕ್ ಟಕ್' ಅನ್ನುತ್ತ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ. ಮೇಜಿನ ಕೆಳಗೆ ಇಡದೆ ಪಕ್ಕದ ಕೋಣೆಗೆ ಹಾಕಿಸಿ.

ಅದೇ ಲೇಬಲ್ಲಿನಲ್ಲಿ 12 ವೋಲ್ಟ್ ಸಾಲನ್ನೂ ನೋಡಿ. 550 ವ್ಯಾಟಿನದಾದರೆ ಅಲ್ಲಿ 45 ಆಂಪಿಯರ್ ಆಸುಪಾಸು ಇರಬೇಕು. 12ರಿಂದ ಗುಣಿಸಿದರೆ 540 ವ್ಯಾಟ್. 30 ಆಂಪಿಯರ್ ಅಂತಿದ್ದರೆ ನಿಮ್ಮ ಸಿಪಿಯು, ಕಾರ್ಡಿಗೆ ಸಿಗುವುದು 360 ವ್ಯಾಟ್ ಮಾತ್ರ. ಹಿಂಭಾಗದಲ್ಲಿ 115/230 ಅಂತ ಬರೆದ ಕೆಂಪು ಸ್ವಿಚ್ ಇದ್ದರೆ ಅದು ಆಕ್ಟಿವ್ ಪಿಎಫ್‌ಸಿ ಇಲ್ಲದ ಹಳೆಯ ವಿನ್ಯಾಸ. ಬೇಡ.

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕುವವರು ಎಸ್‌ಎಂಪಿಎಸ್ ಹೇಗಿರಬೇಕು ಅಂತ ಹೇಳುವ ಎಟಿಎಕ್ಸ್ ನಿಯಮದ 2022ರ 3.0 ಅಥವಾ ಅದರ ನಂತರದ 3.1 ಗುರುತಿನದನ್ನು ಆರಿಸಿ. ಕಾರ್ಡ್ ಕ್ಷಣಮಾತ್ರ ಎರಡರಷ್ಟು ಎಳೆದರೂ ಯಂತ್ರ ಆಫ್ ಆಗದಂತೆ ಆ ನಿಯಮ ನೋಡಿಕೊಳ್ಳುತ್ತದೆ.

6. ಯುಪಿಎಸ್, ಇನ್ವರ್ಟರ್

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವ ಊರುಗಳಲ್ಲಿ ಎಸ್‌ಎಂಪಿಎಸ್ ಒಂದನ್ನೇ ನೋಡಿದರೆ ಸಾಲದು. ಕರೆಂಟು ತಪ್ಪಿದ ಮೇಲೆ ಎಸ್‌ಎಂಪಿಎಸ್ ಕನಿಷ್ಠ 16 ಮಿಲಿಸೆಕೆಂಡ್ ತಡೆದುಕೊಳ್ಳಬೇಕು ಅನ್ನುವುದು ಬಹುಕಾಲದ ಎಟಿಎಕ್ಸ್ ಲೆಕ್ಕ. ಮನೆಯ ಇನ್ವರ್ಟರಿನ ಹಿಂದೆ 'ಯುಪಿಎಸ್ ಮೋಡ್' ಸ್ವಿಚ್ ಇದ್ದರೆ ಅದನ್ನೇ ಹಾಕಿ. ಸಾಮಾನ್ಯ ಮೋಡಿನಲ್ಲಿ ಬದಲಾವಣೆಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದು ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೋಡಿನಲ್ಲಿ ಒಂದು ತೊಡಕಿದೆ: ವೋಲ್ಟೇಜ್ 180ರ ಹತ್ತಿರ ಇಳಿದರೆ ಇನ್ವರ್ಟರ್ ಬ್ಯಾಟರಿಗೆ ಹೋಗಿಬಿಡುತ್ತದೆ. ಸಂಜೆಯೆಲ್ಲ ಬ್ಯಾಟರಿ ಖಾಲಿಯಾಗುತ್ತಿದ್ದರೆ ಕಾರಣ ಇದು. ಅಂಥ ಕಡೆ ಮನೆಗೆ ಸಾಮಾನ್ಯ ಮೋಡ್ ಇಟ್ಟು, ಕಂಪ್ಯೂಟರಿಗೆ ಪ್ರತ್ಯೇಕ ಯುಪಿಎಸ್ ಕೊಡಿ.

600 ವಿಎ ಅಂತ ಬರೆದ ಚಿಕ್ಕ ಯುಪಿಎಸ್ ನಿಜಕ್ಕೂ ಕೊಡುವುದು 360 ವ್ಯಾಟ್. ಅಗ್ಗದವು ಬ್ಯಾಟರಿಯಲ್ಲಿ ಮೆಟ್ಟಿಲಿನಂಥ ಅಲೆ ಕೊಡುತ್ತವೆ. ಆಗ ಕೆಲವು ಎಸ್‌ಎಂಪಿಎಸ್‌ಗಳು 'ಝುಂಯ್' ಅನ್ನುತ್ತವೆ, ಕೆಲವು ಆಫ್ ಆಗುತ್ತವೆ. ಕರೆಂಟು ಹೋದಾಗ ಮಾತ್ರ ಸದ್ದು ಬಂದರೆ ಎಸ್‌ಎಂಪಿಎಸ್ ಕೆಟ್ಟಿಲ್ಲ. ಬ್ಯಾಟರಿಯಲ್ಲೂ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಯುಪಿಎಸ್ ಹಾಕಿದರೆ ನಿಲ್ಲುತ್ತದೆ.

7. ಕೂರಿಸುವುದು

ಎಸ್‌ಎಂಪಿಎಸ್ ಮೇಲ್ಭಾಗದಲ್ಲಿ ಕೂರುವ ಹಳೆಯ ಕ್ಯಾಬಿನೆಟ್ಟುಗಳಲ್ಲಿ ಅದು ಸಿಪಿಯು ಬಿಟ್ಟ ಬಿಸಿಗಾಳಿಯನ್ನೇ ಒಳಗೆಳೆಯುತ್ತದೆ. ಎಂಥ ಗೋಲ್ಡ್ ಹಾಕಿದರೂ ಅಲ್ಲಿ ಫ್ಯಾನ್ ಜೋರೇ. ಕೆಳಗೆ ಕೂರುವ ಕ್ಯಾಬಿನೆಟ್ ಇರಲಿ, ಫ್ಯಾನ್ ಮುಖ ಕೆಳಕ್ಕಿರಲಿ, ಕಾಲುಗಳಿಂದಾಗಿ ನೆಲಕ್ಕೂ ತಳಕ್ಕೂ ಕನಿಷ್ಠ ಎರಡು ಸೆಂ.ಮೀ. ಸಂದು ಇರಲಿ. ಚಾಪೆ, ರತ್ನಗಂಬಳಿ ಮೇಲೆ ಇಡಬೇಡಿ. ತಳದಲ್ಲಿ ತೂತೇ ಇಲ್ಲದಿದ್ದರೆ ಮಾತ್ರ ಫ್ಯಾನ್ ಮೇಲಕ್ಕೆ. ಚಿಕ್ಕಮಗಳೂರು ಪಟ್ಟಣ ಇರುವ ಸಾವಿರ ಮೀಟರ್ ದಾಟಿದ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಹತ್ತನೇ ಒಂದು ಪಾಲು ತೆಳು. ಬಿಸಿ ಹೊರುವ ಶಕ್ತಿಯೂ ಅಷ್ಟೇ ಕಡಿಮೆ. ಇಲ್ಲಿನ ತಂಪು ಅದನ್ನು ತುಂಬಿಕೊಡುತ್ತದೆ, ಗಾಳಿಯ ದಾರಿ ಕಟ್ಟದಿದ್ದರೆ.

ನಾಲ್ಕು ಸ್ಕ್ರೂಗಳನ್ನೂ ಮೊದಲು ಸಡಿಲವಾಗಿ ಕೂರಿಸಿ, ಆಮೇಲೆ ಮೂಲೆಯಿಂದ ಮೂಲೆಗೆ ಬಿಗಿ ಮಾಡಿ. ಒಂದು ಸ್ಕ್ರೂ ಬಿಟ್ಟುಹೋದರೂ ತಗಡು ಅದುರುತ್ತದೆ. ಹಳೆಯ ಮಾಡ್ಯುಲರ್ ಕೇಬಲ್ಲುಗಳು (ಎಸ್‌ಎಂಪಿಎಸ್‌ನಿಂದ ಬಿಡಿಸಿ ತೆಗೆಯಬಹುದಾದವು) ಕ್ಯಾಬಿನೆಟ್ಟಿನಲ್ಲಿ ಇದ್ದೇ ಇವೆಯಲ್ಲ ಅಂತ ಹೊಸ ಎಸ್‌ಎಂಪಿಎಸ್‌ಗೆ ಚುಚ್ಚಬೇಡಿ, ದಯವಿಟ್ಟು. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟಿನ ಜಾಗಕ್ಕೆ 12 ಹೋಗಿ ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್ ಸುಟ್ಟು, ಒಳಗಿನ ಫೋಟೋ, ಲೆಕ್ಕ ಎಲ್ಲ ಹೋದ ಉದಾಹರಣೆಗಳು ಬೇಕಾದಷ್ಟಿವೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿದೆ, ಸ್ಪೀಕರಿನಲ್ಲಿ 'ಗುಂಯ್' ಬರುತ್ತಿದೆ ಅಂದರೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಹರಿಸುವ ಸಣ್ಣ ಕರೆಂಟಿಗೆ ಭೂಮಿಗೆ ಹೋಗಲು ದಾರಿ ಸಿಗುತ್ತಿಲ್ಲ. ಎಸ್‌ಎಂಪಿಎಸ್ ಬದಲಿಸಿದರೆ ಇದು ಹೋಗುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಗುಂಡಿ, ಸಾಕೆಟ್ಟಿನ ಮೂರನೇ ತಂತಿ ಪರೀಕ್ಷೆ ಮಾಡಿಸಿ. ಏಪ್ರಿಲ್–ಮೇ ಗುಡುಗು ಮಳೆಗೆ ಪ್ಲಗ್ ಜೊತೆ ಬ್ರಾಡ್‌ಬ್ಯಾಂಡ್ ಕೇಬಲ್ಲನ್ನೂ ಕೀಳಿ.

ಕಾಫಿ ಕೊಯ್ಲಿನ ಕಾಲದಲ್ಲಿ ಕಣದ ದೂಳು, ಮಳೆಗಾಲದಲ್ಲಿ ತೇವ. ಎರಡೂ ಸೇರಿ ತಳದ ಫಿಲ್ಟರಿನ ಮೇಲೆ ಹೊದಿಕೆಯಂತೆ ಕೂರುತ್ತವೆ, ಫ್ಯಾನ್ ಸದ್ದು ತಿಂಗಳಿಂದ ತಿಂಗಳಿಗೆ ಏರುತ್ತದೆ. ತಿಂಗಳಿಗೊಮ್ಮೆ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಹಿಂಭಾಗದ ಖಾಲಿ ಸ್ಲಾಟುಗಳಿಗೆ ಪಟ್ಟಿ ಮುಚ್ಚಿ. ಬೆಚ್ಚಗಿನ ಜಾಗ ಹುಡುಕಿ ಹಲ್ಲಿ, ಇರುವೆ ಒಳಸೇರುವುದು ಅಲ್ಲಿಂದಲೇ.

ಹೊಸದು ಹಾಕಿದ ಮೇಲೆ ಫ್ಯಾನ್ ತಿರುಗುತ್ತಿಲ್ಲ ಅಂತ ಗಾಬರಿಯಾಗಬೇಡಿ, ಝೀರೋ ಆರ್‌ಪಿಎಂ ಇರುವವು ಶುರುವಿನಲ್ಲಿ ಹಾಗೆಯೇ. ಭಾರಿ ಗೇಮ್ ಅಥವಾ ವಿಡಿಯೋ ರೆಂಡರ್ ಅರ್ಧ ಗಂಟೆ ಓಡಿಸಿ, ಅದೇ ಕ್ಯಾಲೆಂಡರ್ ಕೊಳವೆಯಿಂದ ಕೇಳಿ, ಹಿಂಭಾಗದ ಗಾಳಿಗೆ ಕೈ ಹಿಡಿದು ನೋಡಿ. 'ಕೀಂ' ಅಥವಾ 'ಟಿಕ್ ಟಿಕ್' ಇದ್ದರೆ ವಾಪಸಾತಿ ಅವಧಿಯೊಳಗೇ ಫೋನಿನಲ್ಲಿ ರೆಕಾರ್ಡ್ ಮಾಡಿ ಬದಲಿ ಕೇಳಿ. ಬಿಲ್ಲು, ಡಬ್ಬಿ, ಒಳಗಿನ ಸ್ಪಂಜು ಎಲ್ಲ ಅಟ್ಟದಲ್ಲಿ ಇಡಿ. ಒಳ್ಳೆಯ ಗೋಲ್ಡ್ ಮಾಡೆಲ್ಲುಗಳಿಗೆ ಐದರಿಂದ ಹತ್ತು ವರ್ಷ ವಾರಂಟಿ ಇರುತ್ತದೆ, ಕೊರಿಯರ್ ಮಾಡಿ ಕಳಿಸಬೇಕಾದಾಗ ಆ ಡಬ್ಬಿಯೇ ಬೇಕಾಗುತ್ತದೆ. ವರ್ಷಗಳ ನಂತರ ಫ್ಯಾನ್ ಕರಕರ ಅಂದರೂ ಎಣ್ಣೆ ಬಿಡೋಣ ಅಂತ ತಿರುಪು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 400 ವೋಲ್ಟಿನಷ್ಟು ಉಳಿದಿರಬಹುದು.